ವಾರಕ್ಕೊಂದು ದಿನ: ಪ್ರಾಧ್ಯಾಪಕರ ಹೊರಸಂಪಾದನೆಯ ಕಟ್ಟಳೆಗಳು

ವಿಶ್ವವಿದ್ಯಾನಿಲಯದಿಂದ ಸಂಬಳ ಪಡೆಯುವ ಪ್ರಾಧ್ಯಾಪಕರು ಹೊರಗಿನ ಕಾರ್ಖಾನೆಗೋ ಔಷಧ ಕಂಪನಿಗೋ ಸಲಹೆಗಾರರಾಗಿ ಪ್ರತ್ಯೇಕ ಸಂಭಾವನೆ ಸ್ವೀಕರಿಸಬಹುದೆ? ಸ್ವೀಕರಿಸಬಹುದಾದರೆ ಎಷ್ಟು, ಮತ್ತು ಯಾರಿಗೆ ತಿಳಿಸಿ? ಅಮೆರಿಕದ ವಿದ್ಯಾಸಂಸ್ಥೆಗಳು ಈ ಪ್ರಶ್ನೆಗೆ ನೂರು ವರ್ಷಗಳಿಂದ ಉತ್ತರ ಬರೆಯುತ್ತ, ಅಳಿಸುತ್ತ, ಮತ್ತೆ ಬರೆಯುತ್ತ ಬಂದಿವೆ. ಅವುಗಳನ್ನು ಹೋಲುವ ಕಟ್ಟಳೆಗಳು ನಮ್ಮಲ್ಲಿಯೂ ಇರುವುದರಿಂದ ಆ ಚರಿತ್ರೆ ನಮಗೆ ತೀರ ಹೊರಗಿನದಲ್ಲ.

1861ರಲ್ಲಿ ಸ್ಥಾಪಿತವಾದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂ.ಐ.ಟಿ., ಈ ವಿವಾದದ ಮೊದಲ ದೊಡ್ಡ ರಂಗಭೂಮಿ. ಅಲ್ಲಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಬ್ಬರು ಸಮರ್ಥರಿದ್ದರು. ಆರ್ಥರ್ ನಾಯ್ಸ್ 1903ರಲ್ಲಿ ಭೌತ ರಸಾಯನಶಾಸ್ತ್ರದ ಸಂಶೋಧನಾಲಯವನ್ನು ಕಟ್ಟಿದರು. ಶುದ್ಧ ವಿಜ್ಞಾನವೇ ವಿದ್ಯಾರ್ಥಿಗೆ ಅಡಿಪಾಯವೆಂಬುದು ಅವರ ನಂಬಿಕೆ. ವಿಲಿಯಂ ವಾಕರ್ ಅವರು ಆರ್ಥರ್ ಲಿಟಲ್ ಅವರೊಡನೆ ಪಾಲುದಾರರಾಗಿ ಸಲಹಾವೃತ್ತಿ ನಡೆಸಿದ್ದವರು. 1908ರಲ್ಲಿ ಅನ್ವಯಿಕ ರಸಾಯನಶಾಸ್ತ್ರದ ಸಂಶೋಧನಾಲಯವನ್ನು ತೆರೆದರು. ಕಾರ್ಖಾನೆಯ ಸಮಸ್ಯೆ ತರಗತಿಗೆ ಬಾರದೆ ಎಂಜಿನಿಯರು ತಯಾರಾಗಲಾರನೆಂಬುದು ಅವರ ವಾದ. ಎರಡು ಪಕ್ಷಗಳಲ್ಲಿಯೂ ನ್ಯಾಯವಿತ್ತು.

ವಿವಾದವನ್ನು ತೀರ್ಮಾನಿಸಿದ್ದು ವಾದವಲ್ಲ, ಹಣ. ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ 1919ರಲ್ಲಿ 40 ಲಕ್ಷ ಡಾಲರುಗಳನ್ನು ಕೊಡಲು ಮುಂದಾದರು. ಸಂಸ್ಥೆಯೂ ಅಷ್ಟೇ ಮೊತ್ತವನ್ನು ಕೂಡಿಸಬೇಕೆಂಬುದು ಅವರ ಷರತ್ತು. ಆಗ ಹುಟ್ಟಿದ್ದು 'ಟೆಕ್ನಾಲಜಿ ಯೋಜನೆ'. ಕಂಪನಿಗಳು ವರ್ಷಕ್ಕಿಷ್ಟೆಂದು ಶುಲ್ಕ ಕೊಟ್ಟು, ಸಂಸ್ಥೆಯ ಪ್ರಾಧ್ಯಾಪಕರ ತಿಳಿವಳಿಕೆಯನ್ನೂ ಗ್ರಂಥಾಲಯವನ್ನೂ ಉಪಯೋಗಿಸಿಕೊಳ್ಳುವ ಒಪ್ಪಂದವದು. ಒಬ್ಬೊಬ್ಬ ಪ್ರಾಧ್ಯಾಪಕ ಮಾಡುತ್ತಿದ್ದ ಸಲಹಾಕಾರ್ಯವನ್ನು ಈಗ ಇಡೀ ಸಂಸ್ಥೆಯೇ ಕೈಗೆತ್ತಿಕೊಂಡಂತಾಯಿತು. ನಾಯ್ಸ್ ಸಂಸ್ಥೆಯನ್ನು ಬಿಟ್ಟು ಕ್ಯಾಲಿಫೋರ್ನಿಯದ ಪಾಸಡೀನಾಕ್ಕೆ ನಡೆದರು. ಅವರು ಸೇರಿದ ಸಂಸ್ಥೆಯೇ ಮುಂದೆ ಕ್ಯಾಲ್‌ಟೆಕ್ ಎಂದು ಪ್ರಸಿದ್ಧವಾಯಿತು. ಕಂಪನಿಗಳ ಉತ್ಸಾಹವಾದರೋ ಬಹುಕಾಲ ಉಳಿಯಲಿಲ್ಲ. ಅನೇಕ ಒಪ್ಪಂದಗಳು ನವೀಕರಣವಾಗದೆ ಮುಗಿದವು. 1930ರಲ್ಲಿ ಅಧ್ಯಕ್ಷರಾಗಿ ಬಂದ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಮೂಲವಿಜ್ಞಾನಕ್ಕೆ ಮತ್ತೆ ಬಲ ತುಂಬಬೇಕಾಯಿತು.

ಈ ತಿಕ್ಕಾಟದ ನಡುವೆ ಒಂದು ರಾಜಿಸೂತ್ರ ನೆಲೆಗೊಂಡಿತು. ದುಡಿಮೆಯ ಐದು ದಿನಗಳಲ್ಲಿ ಒಂದು ದಿನ ಪ್ರಾಧ್ಯಾಪಕನದು. ಉಳಿದ ನಾಲ್ಕು ವಿದ್ಯಾರ್ಥಿಗಳದು. 'ಐದನೆಯ ಒಂದು ಪಾಲು' ಎಂಬ ಈ ಕಟ್ಟಳೆ ಅಮೆರಿಕದ ಇತರ ವಿಶ್ವವಿದ್ಯಾನಿಲಯಗಳಿಗೂ ಹರಡಿ ಇಂದಿಗೂ ಅನೇಕ ಕಡೆ ಜಾರಿಯಲ್ಲಿದೆ. ಹೊರಗಿನ ಕೆಲಸವೆಲ್ಲ ದೋಷವೆಂದು ಯಾರೂ ಭಾವಿಸಿರಲಿಲ್ಲ, ಭಾವಿಸಬೇಕಾಗಿಯೂ ಇಲ್ಲ. ನಮ್ಮ ಬೆಂಗಳೂರಿನ ಉದಾಹರಣೆಯನ್ನೇ ನೋಡಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಶ್ರೀಗಂಧಕ್ಕೆ ಹೊರದೇಶದ ಮಾರುಕಟ್ಟೆ ತಪ್ಪಿಹೋದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆಯನ್ನು ಇಲ್ಲಿಯೇ ಭಟ್ಟಿಯಿಳಿಸುವ ವಿಧಾನವನ್ನು ಸಿದ್ಧಪಡಿಸಿಕೊಟ್ಟರು. ಮೈಸೂರು ಸರ್ಕಾರದ ಗಂಧದೆಣ್ಣೆಯ ಉದ್ಯಮ ಬೆಳೆದದ್ದು ಅದರಿಂದ. ಯಾರಿಗಾಗಿ ಮಾಡಿದರು, ಏಕೆ ಮಾಡಿದರು ಎಂಬುದು ಎಲ್ಲರಿಗೂ ಗೊತ್ತಿದ್ದ ಕೆಲಸವದು.

ಆದರೆ ದಿನವನ್ನು ಎಣಿಸುವ ಕಟ್ಟಳೆಗೆ ಒಂದು ಕುರುಡಿದೆ. ದೇವಸ್ಥಾನದ ಉಗ್ರಾಣಕ್ಕೆ ಬಂದ ಅಕ್ಕಿಯನ್ನು ಪರೀಕ್ಷಿಸುವವನೇ ಆ ಅಕ್ಕಿಯ ವ್ಯಾಪಾರಿಯಿಂದ ಗುಟ್ಟಾಗಿ ಹಣ ಪಡೆಯುತ್ತಿದ್ದರೆ, ಅವನು ಉಗ್ರಾಣಕ್ಕೆ ಸರಿಯಾದ ಹೊತ್ತಿಗೆ ಬಂದು ಹೋಗುತ್ತಾನೆಂಬುದರಿಂದ ಭಕ್ತರಿಗೇನು ಸಮಾಧಾನ? ಕಂಪನಿ ಕೊಳ್ಳುವುದು ಪ್ರಾಧ್ಯಾಪಕನ ಒಂದು ದಿನವನ್ನು ಮಾತ್ರವಲ್ಲ; ಅವನ ಹೆಸರಿನ ಮುಂದಿರುವ ವಿಶ್ವವಿದ್ಯಾನಿಲಯದ ಮೇಲೆ ಜನರಿಟ್ಟ ನಂಬಿಕೆಯನ್ನು.

1960ರ ದಶಕದ ಪ್ರಕರಣವೊಂದು ಇದಕ್ಕೆ ಸಾಕ್ಷಿ. ಹೃದ್ರೋಗಕ್ಕೆ ಸಕ್ಕರೆಯೂ ಕಾರಣವಿರಬಹುದೆಂಬ ಮಾತು ಕೇಳಿಬರುತ್ತಿದ್ದಾಗ, 1965ರಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಸಂಶೋಧನಾ ಪ್ರತಿಷ್ಠಾನವು ಹಾರ್ವರ್ಡಿನ ಪೌಷ್ಟಿಕಶಾಸ್ತ್ರಜ್ಞರಿಗೆ ಒಂದು ಸಮೀಕ್ಷಾ ಲೇಖನದ ಕೆಲಸವನ್ನು ವಹಿಸಿತು. ಕೊಟ್ಟ ಮೊತ್ತ 6,500 ಡಾಲರು. 1967ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಕೊಬ್ಬಿನತ್ತ ಬೆರಳು ತೋರಿಸಿ ಸಕ್ಕರೆಯ ವಿರುದ್ಧದ ಸಾಕ್ಷ್ಯವನ್ನು ಹಗುರ ಮಾಡಿತು. ಹಣ ಕೊಟ್ಟವರ ಹೆಸರು ಅದರಲ್ಲಿರಲಿಲ್ಲ. ದಂತವೈದ್ಯೆಯಾಗಿದ್ದ ಕ್ರಿಸ್ಟಿನ್ ಕರ್ನ್ಸ್ ಹಳೆಯ ಪತ್ರವ್ಯವಹಾರವನ್ನು ಗ್ರಂಥಾಲಯಗಳಲ್ಲಿ ಹುಡುಕಿ, ತಮ್ಮ ಸಹೋದ್ಯೋಗಿಗಳೊಡನೆ 2016ರಲ್ಲಿ ಪ್ರಕಟಿಸಿದ ಮೇಲೆಯೇ ಲೋಕಕ್ಕೆ ಇದು ತಿಳಿದದ್ದು. ಅಷ್ಟರಲ್ಲಿ ಸುಮಾರು ಐವತ್ತು ವರ್ಷ ಕಳೆದಿತ್ತು. ಆ ವಿದ್ವಾಂಸರ ಪರವಾಗಿಯೂ ಮಾತಾಡಿದ ಇತಿಹಾಸಕಾರರಿದ್ದಾರೆ: ಕೊಬ್ಬಿನ ವಿಷಯದಲ್ಲಿ ಅವರಿಗೆ ಮೊದಲೇ ಆ ಅಭಿಪ್ರಾಯವಿತ್ತು, ಹಣದ ಮೂಲವನ್ನು ಹೇಳಬೇಕೆಂಬ ನಿಯಮವನ್ನು ಆ ಪತ್ರಿಕೆ ತಂದದ್ದೇ 1984ರಲ್ಲಿ. ಇರಬಹುದು. ಆದರೆ ಓದಿದ ವೈದ್ಯನಿಗೆ ಆ ಹಣದ ವಿಷಯ ತಿಳಿದಿದ್ದರೆ ಲೇಖನವನ್ನು ಬೇರೆ ಕಣ್ಣಿನಿಂದ ಓದುತ್ತಿದ್ದನಲ್ಲವೆ?

ಘೋಷಣೆಯ ನಿಯಮಗಳು ಬಂದವು. 1995ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ತನ್ನ ಅನುದಾನದಿಂದ ವೈದ್ಯಕೀಯ ಸಂಶೋಧನೆ ನಡೆಸುವವರಿಗೆ ಮಿತಿಯೊಂದನ್ನು ಗೊತ್ತುಮಾಡಿತು: ಸಂಶೋಧನೆಗೆ ಸಂಬಂಧಿಸಿದ ಕಂಪನಿಯಿಂದ ವರ್ಷಕ್ಕೆ 10,000 ಡಾಲರಿಗೆ ಮೀರಿದ ಆದಾಯವನ್ನು ತಮ್ಮ ಸಂಸ್ಥೆಗೆ ತಿಳಿಸಬೇಕು. ಇಲ್ಲಿಯೂ ಲೋಪ ಉಳಿಯಿತು. ತಿಳಿಸುವವನು ಹಣ ಪಡೆದವನೇ. ಅವನ ಮಾತನ್ನು ಒರೆಗೆ ಹಚ್ಚುವವರಿಲ್ಲ. 2008ರಲ್ಲಿ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ನಡೆಸಿದ ತನಿಖೆಯ ದಾಖಲೆಗಳ ಪ್ರಕಾರ, ಎಮರಿ ವಿಶ್ವವಿದ್ಯಾನಿಲಯದ ಮನೋವೈದ್ಯ ಚಾರ್ಲ್ಸ್ ನೆಮರಾಫ್ ಒಂದು ಔಷಧ ಕಂಪನಿಯಿಂದ 10,000 ಡಾಲರಿಗಿಂತ ಕಡಿಮೆ ಪಡೆಯುವೆನೆಂದು 2004ರಲ್ಲಿ ಸಹಿ ಹಾಕಿಕೊಟ್ಟಿದ್ದರು. ಅದೇ ವರ್ಷ ಅದೇ ಕಂಪನಿಯಿಂದ ಬಂದದ್ದು ಸುಮಾರು 1,70,000 ಡಾಲರು.

ಇದಾದ ಬಳಿಕ ಶಾಸನಕರ್ತರಿಗೆ ಹೊಳೆದ ಉಪಾಯ ಸರಳವಾದದ್ದು, ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಚರಿತ್ರೆಯಲ್ಲಿಯೇ ಬುದ್ಧಿವಂತಿಕೆಯದು. ಪಡೆದವನನ್ನು ಕೇಳುವುದರ ಜೊತೆಗೆ ಕೊಟ್ಟವನನ್ನೂ ಕೇಳುವುದು. 2010ರ ಕಾಯಿದೆಯು ಔಷಧ ಮತ್ತು ವೈದ್ಯೋಪಕರಣ ಕಂಪನಿಗಳು ವೈದ್ಯರಿಗೂ ಬೋಧನಾ ಆಸ್ಪತ್ರೆಗಳಿಗೂ ಕೊಟ್ಟ ಹಣವನ್ನು ಸರ್ಕಾರಕ್ಕೆ ವರದಿ ಮಾಡಬೇಕೆಂದು ವಿಧಿಸಿತು. 2014ರಿಂದ ಆ ಪಟ್ಟಿ ಸಾರ್ವಜನಿಕರಿಗೂ ಲಭ್ಯವಾಯಿತು. ಹಳೆಯ 10,000 ಡಾಲರಿನ ಮಿತಿಯೂ 2011ರ ತಿದ್ದುಪಡಿಯಲ್ಲಿ 5,000ಕ್ಕೆ ಇಳಿಯಿತು. ಅರ್ಥಶಾಸ್ತ್ರಜ್ಞರ ಸಂಘವು 2012ರಲ್ಲಿ ತನ್ನ ಪತ್ರಿಕೆಗಳ ಲೇಖಕರಿಗೆ ಘೋಷಣೆಯನ್ನು ಕಡ್ಡಾಯ ಮಾಡಿತು. ಬ್ಯಾಂಕುಗಳು ಕುಸಿದು ನಾಲ್ಕು ವರ್ಷಗಳಾಗಿದ್ದವು ಎಂಬುದನ್ನೂ ಇಲ್ಲಿ ಹೇಳಬೇಕು.

ನಮ್ಮ ದೇಶದಲ್ಲಿ ಪದ್ಧತಿ ತುಸು ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1975ರಲ್ಲಿ ವೈಜ್ಞಾನಿಕ ಹಾಗೂ ಔದ್ಯಮಿಕ ಸಲಹಾ ಕೇಂದ್ರ ಆರಂಭವಾಯಿತು, ಐ.ಐ.ಟಿ.ಗಳಲ್ಲಿಯೂ ಇಂಥ ವಿಭಾಗಗಳಿವೆ. ಸಲಹಾಕಾರ್ಯದ ಹಣ ಸಂಸ್ಥೆಯ ಮೂಲಕವೇ ಬಂದು, ಸಂಸ್ಥೆ ತನ್ನ ಪಾಲನ್ನು ಮುರಿದುಕೊಂಡು, ಉಳಿದದ್ದು ಪ್ರಾಧ್ಯಾಪಕರಿಗೆ ಸಲ್ಲುತ್ತದೆ. ಕೊಟ್ಟವರು ಯಾರೆಂಬುದು ಸಂಸ್ಥೆಗಾದರೂ ತಿಳಿದಿರುತ್ತದೆ. ಇದು ಸಣ್ಣ ಗುಣವಲ್ಲ. ಆದರೆ ಸಂಸ್ಥೆಯೇ ಪಾಲು ಪಡೆಯುವಾಗ, ಅಹಿತಕರ ಪ್ರಶ್ನೆಗಳನ್ನು ಕೇಳುವ ಉತ್ಸಾಹ ಅದಕ್ಕೆ ಎಷ್ಟಿದ್ದೀತು ಎಂಬ ಶಂಕೆಯನ್ನು 1919ರ ಅನುಭವವೇ ಹುಟ್ಟಿಸುತ್ತದೆ.

ಈ ಪುಟಗಳನ್ನು ಓದುವವರಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರೂ ಇದ್ದಾರೆ. ಸಲಹಾಕಾರ್ಯದ ನಿಯಮಾವಳಿಯ ಕರಡು ಮುಂದೆ ಬಂದಾಗ, ದಿನಗಳ ಸಂಖ್ಯೆ ಮತ್ತು ಸಂಸ್ಥೆಯ ಪಾಲಿನ ಶೇಕಡಾವಾರನ್ನು ಕುರಿತ ಚರ್ಚೆಯಲ್ಲಿಯೇ ಸಭೆ ಮುಗಿದುಹೋಗುವ ಸಂಭವವಿದೆ. ಪ್ರತಿಯೊಂದು ವರದಿಯ, ಲೇಖನದ ಮೊದಲ ಪುಟದಲ್ಲಿಯೇ ಹಣ ಕೊಟ್ಟವರ ಹೆಸರಿರಬೇಕೆಂಬ ಒಂದು ಸಾಲು ಆ ಕರಡಿನಲ್ಲಿದೆಯೆ ಎಂದು ಅವರು ಮೊದಲು ನೋಡಲಿ.