ಉಳಿದವರ ದುಡಿಮೆ: ಸುತ್ತು ಸುತ್ತಾಗಿ ಬರುವ ಉದ್ಯೋಗ ಕಡಿತ, ಮನೋಸ್ಥೈರ್ಯ ಮತ್ತು ಉತ್ಪಾದಕತೆ

ಉದ್ಯೋಗ ಕಡಿತದ ಮೇಲೆ ನಡೆದ ಸಂಶೋಧನೆಯ ಬಹುಪಾಲು ಕೆಲಸ ಕಳೆದುಕೊಂಡವರನ್ನು ಕುರಿತದ್ದು. ಹಾಗಿರುವುದು ನ್ಯಾಯವೇ. ಕೆಲಸದಲ್ಲಿ ಉಳಿದವರತ್ತ ವಿದ್ವಾಂಸರ ಗಮನ ಹರಿದದ್ದು 1980ರ ದಶಕದಲ್ಲಿ, ಮುಖ್ಯವಾಗಿ ಅಮೆರಿಕದ ಜೋಯಲ್ ಬ್ರಾಕ್ನರ್ ಮತ್ತು ಅವರ ಸಂಗಡಿಗರಿಂದ. ಆ ಆರಂಭದ ಅಧ್ಯಯನಗಳಲ್ಲೂ ಕಡಿತವೆಂದರೆ ಒಮ್ಮೆ ನಡೆದು ಮುಗಿಯುವ ಘಟನೆ; ಅದಕ್ಕೊಂದು ಮುಂಚೆ, ಒಂದು ಆಮೇಲೆ. ಈಗ ನಾವು ಕಾಣುತ್ತಿರುವ ಕಡಿತಕ್ಕೆ ಆಮೇಲೆ ಎಂಬುದೇ ಇಲ್ಲ. ಮೆಟಾ ಕಂಪನಿ 2022ರ ನವೆಂಬರಿನಲ್ಲಿ 11,000 ಮಂದಿಯನ್ನು ತೆಗೆಯಿತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಇನ್ನೂ 10,000 ಹುದ್ದೆಗಳನ್ನು ಹಂತಹಂತವಾಗಿ ಕಡಿಯುವುದಾಗಿ ಸಾರಿತು. ಅಮೆಜಾನಿನಲ್ಲಿ 18,000ದ ಸುತ್ತಿನ ಬೆನ್ನಿಗೇ 9,000ದ ಇನ್ನೊಂದು ಸುತ್ತು ಬಂತು. ಮೊದಲ ಸುತ್ತಿನಲ್ಲಿ ಉಳಿದವರು ಎರಡನೆಯದರಲ್ಲಿ ಉಳಿಯುತ್ತಾರೆಂಬ ಭರವಸೆಯಿಲ್ಲ. ಇಂಥ ಕಡೆ ಮನೋಸ್ಥೈರ್ಯ ಏನಾಗುತ್ತದೆ, ಕೆಲಸ ಏನಾಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ.

ಇದಕ್ಕೆ ಎರಡು ಉತ್ತರಗಳು ಸಾಧ್ಯ. ಒಮ್ಮೆ ಪೆಟ್ಟು ತಿಂದವರು ಮುಂದಿನ ಪೆಟ್ಟಿಗೆ ಸಜ್ಜಾಗಿರುತ್ತಾರೆ, ಆದ್ದರಿಂದ ನಂತರದ ಸುತ್ತುಗಳ ನೋವು ಕಡಿಮೆ ಎಂಬುದು ಒಂದು. ಪ್ರತಿ ಸುತ್ತೂ ತಾಳಿಕೊಳ್ಳುವ ಶಕ್ತಿಯನ್ನು ಒಂದಿಷ್ಟು ಸವೆಸುತ್ತದೆ, ಆದ್ದರಿಂದ ನೋವು ಕೂಡುತ್ತಾ ಹೋಗುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಕಾರ್ಯಕ್ಷೇತ್ರದಲ್ಲಿ ಎದುರುಬದುರು ಇಟ್ಟು ಪರೀಕ್ಷಿಸಿದವರು ಸಾರಾ ಮೂರ್, ಲಿಯಾನ್ ಗ್ರನ್‌ಬರ್ಗ್ ಮತ್ತು ಎಡ್ವರ್ಡ್ ಗ್ರೀನ್‌ಬರ್ಗ್. ಅವರು ಆರಿಸಿಕೊಂಡ ಕಂಪನಿ ಬೋಯಿಂಗ್.

ಆ ಆಯ್ಕೆಗೆ ಅರ್ಥವಿತ್ತು. ವಿಮಾನಕ್ಕೆ ಬೇಡಿಕೆ ಬಂದಾಗ ಸಾವಿರಾರು ಜನರನ್ನು ಸೇರಿಸಿಕೊಳ್ಳುವುದು, ಇಳಿದಾಗ ಹೊರಗಿಡುವುದು ಬೋಯಿಂಗಿಗೆ ಹಳೆಯ ಪದ್ಧತಿ. 1970ರ ಆಸುಪಾಸಿನ ಕುಸಿತದಲ್ಲಿ ಸಿಯಾಟಲ್ ಸೀಮೆಯ ಅದರ ನೌಕರರ ಸಂಖ್ಯೆ ಸುಮಾರು ಒಂದು ಲಕ್ಷದಿಂದ ನಲವತ್ತು ಸಾವಿರದ ಒಳಗಿಳಿದಿತ್ತು. 1997ರಲ್ಲಿ ಮೆಕ್‌ಡೊನೆಲ್ ಡಗ್ಲಸ್ ಜೊತೆ ವಿಲೀನ, ಮರುವರ್ಷದ ಕೊನೆಗೆ ಒಟ್ಟು 48,000 ಹುದ್ದೆಗಳವರೆಗಿನ ಕಡಿತದ ಘೋಷಣೆ, 2000ದಲ್ಲಿ ಎಂಜಿನಿಯರುಗಳ 40 ದಿನಗಳ ಮುಷ್ಕರ, 2001ರ ಸೆಪ್ಟೆಂಬರ್ ದಾಳಿಯ ನಂತರ 20,000ದಿಂದ 30,000 ಮಂದಿಯನ್ನು ತೆಗೆಯುವ ಪ್ರಕಟಣೆ: ಸಂಶೋಧಕರು ಸುಮಾರು ಒಂದು ದಶಕ ಅದೇ ನೌಕರರಿಗೆ ಮತ್ತೆ ಮತ್ತೆ ಪ್ರಶ್ನಾವಳಿ ಕಳಿಸುತ್ತಿದ್ದಾಗ ಇಷ್ಟೆಲ್ಲ ನಡೆಯಿತು. ಅದರ ಸಮಗ್ರ ಕಥನ 2010ರಲ್ಲಿ 'ಟರ್ಬ್ಯುಲೆನ್ಸ್' ಎಂಬ ಪುಸ್ತಕವಾಗಿ ಬಂತು. ನಮಗೆ ಹೆಚ್ಚು ಬೇಕಾದದ್ದು 2004ರ ಅವರ ಪ್ರಬಂಧ. ತಾವೇ ಕಡಿತಕ್ಕೆ ಸಿಕ್ಕಿದವರನ್ನೂ, ಜೊತೆಯವರು ಹೋಗುವುದನ್ನು ಕಂಡವರನ್ನೂ ಬೇರೆಬೇರೆಯಾಗಿ ಗುರುತಿಸಿ ನೋಡಿದಾಗ, ಇಂಥ ಅನುಭವ ಹೆಚ್ಚಿದಷ್ಟೂ ಕೆಲಸದ ಭದ್ರತೆಯ ಭಾವ ಕುಗ್ಗಿತ್ತು. ತನ್ನ ಪಾತ್ರವೇನೆಂಬ ಗೊಂದಲ, ಬಿಟ್ಟು ಹೋಗುವ ಇರಾದೆ, ಖಿನ್ನತೆ, ದೇಹದ ಕಾಯಿಲೆ ಹೆಚ್ಚಿದ್ದವು. ಸಾಕ್ಷ್ಯ ಎರಡನೆಯ ಉತ್ತರದ ಕಡೆಗಿತ್ತು. ಜನ ಗಟ್ಟಿಯಾಗಿರಲಿಲ್ಲ, ಸವೆದಿದ್ದರು.

ಹಾಗಾದರೆ ಭಯವಿದ್ದರೆ ಜನ ಚೆನ್ನಾಗಿ ದುಡಿಯುತ್ತಾರೆಂಬ ನಂಬಿಕೆ ಆಡಳಿತ ವರ್ಗದಲ್ಲಿ ಏಕೆ ಇಷ್ಟು ಬಲವಾಗಿದೆ? ಅದಕ್ಕೆ ಆಧಾರವೇ ಇಲ್ಲವೆನ್ನುವುದು ಪ್ರಾಮಾಣಿಕವಾಗದು. 1985ರ ಒಂದು ಪ್ರಯೋಗದಲ್ಲಿ ಬ್ರಾಕ್ನರ್ ತಂಡ ವಿದ್ಯಾರ್ಥಿಗಳಿಗೆ ಕರಡು ತಿದ್ದುವ ಕೆಲಸ ಕೊಟ್ಟು, ನಡುವೆ ಜೊತೆಗಾರನೊಬ್ಬನನ್ನು ಹೊರಗೆ ಕಳಿಸಿತು. ಉಳಿದವರು ಹೆಚ್ಚು ಪುಟ ತಿದ್ದಿದರು. ತಿದ್ದುವಿಕೆಯ ಗುಣಮಟ್ಟ ಮಾತ್ರ ಏರಲಿಲ್ಲ. 1992ರಲ್ಲಿ ಬ್ರಾಕ್ನರ್ ಮತ್ತು ಸಂಗಡಿಗರು ಅಂಗಡಿ ಸರಣಿಯೊಂದರ ನೌಕರರಲ್ಲಿ ಕಂಡದ್ದು ತಲೆಕೆಳಗಾದ ಬಟ್ಟಲಿನಂಥ ರೇಖೆ: ಅಭದ್ರತೆ ಮಧ್ಯಮ ಮಟ್ಟದಲ್ಲಿದ್ದಾಗ ಶ್ರಮ ಅತಿ ಹೆಚ್ಚು, ಅದು ತೀರ ಕಡಿಮೆಯಾದರೂ ತೀರ ಹೆಚ್ಚಾದರೂ ಶ್ರಮ ಇಳಿಮುಖ. ಮೊದಲ ಸುತ್ತಿನ ನಂತರ ಕಚೇರಿಯಲ್ಲಿ ಕಾಣುವ ಚುರುಕನ್ನು ಈ ರೇಖೆಯ ಏರು ಭಾಗ ವಿವರಿಸುತ್ತದೆ. ಆ ಚುರುಕನ್ನು ಕಂಡ ವ್ಯವಸ್ಥಾಪಕ ಎರಡನೆಯ ಸುತ್ತಿಗೆ ಕೈಹಾಕಿದಾಗ ನೌಕರರನ್ನು ಇಳಿಜಾರಿಗೆ ತಳ್ಳುತ್ತಿರುತ್ತಾನೆ ಎಂಬುದು ನನ್ನ ಓದು. ಎಷ್ಟು ಕಷ್ಟಪಟ್ಟರೂ ಫಲಿತಾಂಶ ತನ್ನ ಕೈಯಲ್ಲಿಲ್ಲ ಎಂದು ಒಮ್ಮೆ ಮನದಟ್ಟಾದವನಿಗೆ ಕಷ್ಟಪಡಲು ಕಾರಣ ಉಳಿಯುವುದಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದವರೇ ಹೋದದ್ದನ್ನು ಎರಡು ಬಾರಿ ಕಂಡಾಗ ಆ ಮನದಟ್ಟು ಆಗಿಯೇ ತೀರುತ್ತದೆ.

ತೆರೇಸಾ ಅಮಾಬಿಲೆ ಅವರ ಅಧ್ಯಯನ ಇದಕ್ಕೆ ಇನ್ನೊಂದು ಮುಖ ಕೊಡುತ್ತದೆ. ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ 6,000 ಜನರ ವಿಭಾಗದಲ್ಲಿ ಹದಿನೆಂಟು ತಿಂಗಳು ಎಳೆದಾಡಿದ ಶೇಕಡಾ 25ರ ಕಡಿತವನ್ನು ಅವರು ಹತ್ತಿರದಿಂದ ಗಮನಿಸಿದರು. ಸೃಜನಶೀಲತೆಗೆ ಒತ್ತಾಸೆಯಾಗುವ ವಾತಾವರಣ ಎಲ್ಲ ದಿಕ್ಕಿನಿಂದಲೂ ಕುಸಿಯಿತು. ಕಡಿತ ನಿಂತು ಐದು ತಿಂಗಳಾದ ಮೇಲೂ ಪೂರ್ತಿ ಚೇತರಿಸಲಿಲ್ಲ. ಕಡಿತಕ್ಕಿಂತ ಕಡಿತದ ನಿರೀಕ್ಷೆ ಹೆಚ್ಚು ಹಾನಿ ಮಾಡಿತೆಂಬುದು ಅವರ ಅತಿ ಮುಖ್ಯ ಮಾತು. ಸುತ್ತು ಸುತ್ತಾಗಿ ನಡೆಯುವ ಕಡಿತ ಎಂದರೆ ಆ ನಿರೀಕ್ಷೆಯನ್ನೇ ಕಾಯಂಗೊಳಿಸುವುದು.

ಈಗ ಉತ್ಪಾದಕತೆಯ ಅಳತೆಗೆ ಬರಬೇಕು. ತಲಾ ಉತ್ಪಾದನೆಯನ್ನು ಲೆಕ್ಕ ಹಾಕುವಾಗ ಛೇದದಲ್ಲಿರುವುದು ತಲೆಗಳ ಸಂಖ್ಯೆ. ಅದನ್ನು ಇಳಿಸಿದ ತ್ರೈಮಾಸಿಕದಲ್ಲಿ ಭಾಗಲಬ್ಧ ಏರುವುದು ಗಣಿತ. ಹಿಂದೆ ಮಾಡಿಟ್ಟ ಕೆಲಸದ ಫಲ ಇನ್ನೂ ಬರುತ್ತಿರುತ್ತದೆ, ಮಾಡಿದವರಿಗೆ ಸಂಬಳವಿರುವುದಿಲ್ಲ. ನಷ್ಟ ಸೇರುವುದು ಲೆಕ್ಕಕ್ಕೆ ಸಿಗದ ಜಾಗಗಳಲ್ಲಿ: ಹೊಸಬನಿಗೆ ಕಲಿಸುವ ಮನಸ್ಸಿನಲ್ಲಿ, ತಪ್ಪು ಕಂಡಾಗ ಬಾಯಿಬಿಡುವ ಧೈರ್ಯದಲ್ಲಿ. ತನ್ನಲ್ಲಿರುವ ತಿಳಿವೇ ತನ್ನ ರಕ್ಷಣೆ ಎಂದುಕೊಂಡವರು ಅದನ್ನು ಹಂಚುವುದಿಲ್ಲ. ಬೆಂಗಳೂರಿನ ಐಟಿ ಮಂದಿ 'ಕೆಟಿ ಕೊಡೋದು' ಎನ್ನುವ ಕ್ರಿಯೆ, ಹೋಗುವವನು ಕೊನೆಯ ವಾರಗಳಲ್ಲಿ ಉಳಿಯುವವನಿಗೆ ಕೆಲಸ ದಾಟಿಸುವುದು, ಎರಡನೆಯ ಮೂರನೆಯ ಸುತ್ತಿನ ಹೊತ್ತಿಗೆ ಬರಿಯ ಕಡತ ವರ್ಗಾವಣೆಯಾಗಿಬಿಡುತ್ತದೆ.

ಇದರ ಬೆಲೆ ತಡವಾಗಿ ಬರುತ್ತದೆ. ಬೋಯಿಂಗ್ 1990ರ ದಶಕದ ಮೊದಲರ್ಧದಲ್ಲಿ ನೌಕರರನ್ನು ಇಳಿಸುತ್ತಾ ಬಂದು, 1995ರಲ್ಲಿ ಅವಧಿಪೂರ್ವ ನಿವೃತ್ತಿಯ ಮೂಲಕ ಸಾವಿರಾರು ಅನುಭವಿಗಳನ್ನು ಬೀಳ್ಕೊಟ್ಟಿತು. ಬೇಡಿಕೆ ಮರಳಿದಾಗ ಅವಸರದಿಂದ ಹೊಸಬರನ್ನು ಸೇರಿಸಿತು. 1997ರ ಅಕ್ಟೋಬರಿನಲ್ಲಿ 737 ಮತ್ತು 747 ವಿಮಾನಗಳ ಜೋಡಣೆಯನ್ನು ಸುಮಾರು ಒಂದು ತಿಂಗಳು ನಿಲ್ಲಿಸಬೇಕಾಯಿತು. ಬಿಡಿಭಾಗಗಳ ಕೊರತೆಯ ಜೊತೆ ಪಳಗಿದ ಕೈಗಳ ಕೊರತೆಯೂ ಸೇರಿತ್ತು. 160 ಕೋಟಿ ಡಾಲರಿನ ಹೊರೆ ಪುಸ್ತಕಕ್ಕೆ ಬಂತು, ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಕಂಪನಿ ವಾರ್ಷಿಕ ನಷ್ಟ ಕಂಡಿತು. ಆ ಮೊತ್ತವನ್ನು ಯಾವ ಲೆಕ್ಕಿಗನೂ ಹಿಂದಿನ ಕಡಿತಗಳ ಖಾತೆಗೆ ಬರೆಯಲಿಲ್ಲ.

ಚಾರ್ಲಿ ಟ್ರೆವರ್ ಮತ್ತು ಆಂಥನಿ ನೈಬರ್ಗ್ 2008ರಲ್ಲಿ ತೋರಿಸಿದ್ದು ಇನ್ನೊಂದು ಸೋರಿಕೆಯನ್ನು: ನೌಕರರಲ್ಲಿ ಶೇಕಡಾ 1ರಷ್ಟನ್ನು ಕಡಿತ ಮಾಡಿದ ಕಂಪನಿಯಲ್ಲಿ ತಾವಾಗಿ ಬಿಡುವವರ ಪ್ರಮಾಣ ಶೇಕಡಾ 31ರಷ್ಟು ಏರಬಹುದೆಂಬುದು ಅವರ ಅಂದಾಜು. ಬೇರೆಡೆ ಕೆಲಸ ಸಿಗುವವರು ಮೊದಲು ಹೋಗುತ್ತಾರೆ.

ದೇಹದ ಮಾತನ್ನೂ ಬಿಡಲಾಗದು. ಫಿನ್ಲೆಂಡಿನ ಹತ್ತು ಪಟ್ಟಣಗಳ 22,430 ಪೌರ ನೌಕರರನ್ನು ಯೂಸಿ ವಾತೆರಾ, ಮಿಕಾ ಕಿವಿಮಾಕಿ ಮೊದಲಾದವರು ಅನುಸರಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, 1990ರ ದಶಕದ ಆರ್ಥಿಕ ಕುಸಿತದಲ್ಲಿ ಶೇಕಡಾ 18ಕ್ಕೂ ಮೀರಿ ಕಡಿತವಾದ ಕಡೆ ಉಳಿದವರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಾದ ಸಾವು ಎರಡು ಪಟ್ಟಾಗಿತ್ತು. ಅನಾರೋಗ್ಯದ ರಜೆ ಕಾಯಂ ನೌಕರರಲ್ಲಿ ಏರಿತು, ತಾತ್ಕಾಲಿಕ ನೌಕರರಲ್ಲಿ ಏರಲಿಲ್ಲ. ತಾತ್ಕಾಲಿಕದವರು ಆರೋಗ್ಯವಾಗಿದ್ದರು ಎಂದು ಇದನ್ನು ಓದಲು ನಾನು ಹಿಂಜರಿಯುತ್ತೇನೆ. ರಜೆ ಕೇಳಲು ಹೆದರಿದ್ದರು ಎಂಬುದು ಹೆಚ್ಚು ಸಂಭವನೀಯ.

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಅಧ್ಯಯನ ಮಾಡಲು ಹೊರಟವರಿಗೆ ಮೊದಲ ತೊಡಕು ಸುತ್ತುಗಳನ್ನು ಎಣಿಸುವುದೇ. ಎಚ್‌ಎಂಟಿಯಲ್ಲಿ ಸ್ವಯಂ ನಿವೃತ್ತಿ ಯೋಜನೆಗಳು ಒಂದರ ಹಿಂದೊಂದು ಬಂದವು. ಪ್ರತಿಯೊಂದಕ್ಕೂ ಆದೇಶವಿತ್ತು, ದಿನಾಂಕವಿತ್ತು. ಆದರೆ ಐಟಿ ಕ್ಷೇತ್ರದಲ್ಲಿ ಕಡಿತ ಬಹುಮಟ್ಟಿಗೆ ರಾಜೀನಾಮೆಯ ರೂಪದಲ್ಲಿ ಬರುತ್ತದೆ. ಬೆಂಚಿನಲ್ಲಿದ್ದವನನ್ನು, ಅಂದರೆ ಯಾವ ಪ್ರಾಜೆಕ್ಟೂ ಇಲ್ಲದೆ ಕೂತವನನ್ನು, ಕೆಲಸ ಸುಧಾರಿಸಿಕೊಳ್ಳಲು ಗಡುವು ಕೊಡುವ ಪಿಐಪಿಗೆ ಹಾಕಿದವನನ್ನು ಕರೆದು 'ಪೇಪರ್ ಹಾಕು' ಎನ್ನಲಾಗುತ್ತದೆ. ಹಾಗಾಗಿ ಉಳಿದವರಿಗೆ ಒಂದು ಸುತ್ತು ಮುಗಿಯಿತೋ ಇಲ್ಲವೋ ಎಂಬುದೂ ಗೊತ್ತಾಗುವುದಿಲ್ಲ. ಅಮಾಬಿಲೆ ಹೇಳಿದ ನಿರೀಕ್ಷೆಗೆ ಇಲ್ಲಿ ಕೊನೆಯ ದಿನವೇ ಇಲ್ಲ. ಅಮೆರಿಕದ 1988ರ ಮುನ್ಸೂಚನಾ ಕಾನೂನು 90 ದಿನಗಳೊಳಗಿನ ಸಣ್ಣ ಸಣ್ಣ ಕಡಿತಗಳನ್ನು, ಕಾರಣಗಳು ಬೇರೆಬೇರೆ ಎಂದು ಮಾಲೀಕರು ತೋರಿಸದ ಹೊರತು, ಕೂಡಿಸಿ ಒಂದೆಂದೇ ಎಣಿಸುತ್ತದೆ. ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆ ಒಬ್ಬೊಬ್ಬರ ಸೇವಾವಧಿಗೆ ವರ್ಷಕ್ಕೆ 15 ದಿನಗಳ ಸಂಬಳ ಲೆಕ್ಕ ಹಾಕಿತು, ಸುತ್ತುಗಳನ್ನು ಲೆಕ್ಕ ಹಾಕಲಿಲ್ಲ.

ಆದರೂ ದಾಖಲೆಗೆ ಒಂದು ದಾರಿಯಿದೆ. ನೌಕರಿಯ ಷರತ್ತುಗಳನ್ನು ಲಿಖಿತವಾಗಿ ಗೊತ್ತುಪಡಿಸಬೇಕೆನ್ನುವ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಐದು ವರ್ಷಕ್ಕೆ ವಿಸ್ತರಿಸಿದಾಗ, ಅಮಾನತು, ವಜಾ, ಸೇವಾಮುಕ್ತಿಯ ಪ್ರಕರಣಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬ ಷರತ್ತು ಅದರಲ್ಲಿತ್ತು. ಆ ವರದಿಗಳು ಸಂಶೋಧಕರ ಕೈಗೆ ಸಿಕ್ಕರೆ, ಬೋಯಿಂಗಿನಲ್ಲಿ ಮಾಡಿದಂತೆ ಒಂದೇ ಕಂಪನಿಯ ಉಳಿದವರನ್ನು ವರ್ಷಗಳುದ್ದಕ್ಕೂ ಕೇಳುತ್ತಾ ಹೋಗುವ ಅಧ್ಯಯನ ಇಲ್ಲೂ ಸಾಧ್ಯ. ಆದರೆ ಒತ್ತಾಯದ ರಾಜೀನಾಮೆ ಆ ಷರತ್ತಿನ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಸೇರಿಸುವವರೆಗೆ ಮೊದಲ ಸುತ್ತು ಯಾವಾಗ ಆಯಿತೆಂಬುದನ್ನೂ ನೌಕರರ ನೆನಪಿನಿಂದಲೇ ಕಟ್ಟಿಕೊಳ್ಳಬೇಕಾಗುತ್ತದೆ.