ಕಾರಿನ ಇಗ್ನಿಷನ್ ಕಾಯಿಲ್: ಮನೆಯಲ್ಲೇ ಬದಲಿಸುವ ಕ್ರಮ

ಬ್ಯಾಟರಿಯ 12 ವೋಲ್ಟನ್ನು 20 ಸಾವಿರಕ್ಕೂ ಮೇಲೆ ಏರಿಸಿ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಒದಗಿಸುವುದೇ ಇಗ್ನಿಷನ್ ಕಾಯಿಲ್. ಡೀಸೆಲ್ ಗಾಡಿಗೆ ಇದಿಲ್ಲ. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಸಿಲಿಂಡರಿಗೊಂದು ಕಾಯಿಲ್. ಒಂದು ಕೆಟ್ಟರೂ ಎಂಜಿನ್ ಜಗ್ಗುತ್ತದೆ, ಎಂಜಿನ್ ದೀಪ ಮಿನುಗುತ್ತದೆ. ಹಾಗೆಯೇ ಓಡಿಸಿದರೆ ಉರಿಯದ ಪೆಟ್ರೋಲು ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ, ಬೋಲ್ಟ್ ತೆಗೆದು, ಕಾಯಿಲನ್ನು ತುಸು ತಿರುಗಿಸಿ ನೆಟ್ಟಗೆ ಮೇಲೆತ್ತಬೇಕು. ಹೊಸದಕ್ಕೆ ಹಣ ಸುರಿಯುವ ಮೊದಲು ಸಂಶಯದ ಕಾಯಿಲನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿ ಸ್ಕ್ಯಾನರಿನಲ್ಲಿ ನೋಡಬೇಕು. ದೋಷವೂ ಪಕ್ಕದ ಸಿಲಿಂಡರಿಗೆ ಹೋದರೆ ಕೆಟ್ಟಿರುವುದು ಕಾಯಿಲೇ. ಹೋಗದಿದ್ದರೆ ಪ್ಲಗ್, ಇಂಜೆಕ್ಟರ್ ಪರೀಕ್ಷಿಸಬೇಕು. ಪ್ಲಗ್ಗಿನ ಕುಳಿಯಲ್ಲಿ ಎಣ್ಣೆ ನಿಂತಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಬೇಕು. ಇಲ್ಲವಾದರೆ ಹೊಸ ಕಾಯಿಲೂ ಬಾಳದು.