ಪೆಟ್ಟಿಗೂ ಪೆಟ್ಟಿಗೂ ನಡುವೆ: ಸಾಫ್ಟ್‌ವೇರ್ ಡ್ರಮ್ಸ್‌ನಲ್ಲಿ ಸಹಜತೆಯ ಹುಡುಕಾಟ

ಮನೆಯಲ್ಲೇ ಹಾಡು ಧ್ವನಿಮುದ್ರಿಸುವವರನ್ನು ಡ್ರಮ್ಸ್‌ನಷ್ಟು ಕಾಡುವ ವಾದ್ಯ ಇನ್ನೊಂದಿಲ್ಲ. ಹಲವು ಮೈಕ್‌ಗಳು, ಸದ್ದು ಹೊರಹೋಗದ ಕೋಣೆ, ನುರಿತ ವಾದಕ ಎಲ್ಲವೂ ಬೇಕು. ಈ ಕೊರತೆ ನೀಗಿಸಲು ಬಂದ ಸಾಫ್ಟ್‌ವೇರ್ ಡ್ರಮ್ಸ್‌ನ ಇತಿಹಾಸವನ್ನು ಧ್ವನಿಯ ಗುಣಮಟ್ಟ ಏರಿದ ಕಥೆಯಾಗಿಯೇ ಹೇಳುವುದು ರೂಢಿ. ಆದರೆ ಸಹಜತೆಯ ಗುಟ್ಟು ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ಇರುವ ಸಂಬಂಧದಲ್ಲಿದೆ ಎಂಬುದು ಈ ಲೇಖನದ ಪ್ರತಿಪಾದನೆ.

ಮೆಮೊರಿಯ ಮಿತಿ

1980ರಲ್ಲಿ ಅಮೆರಿಕದ ರೋಜರ್ ಲಿನ್ ಹೊರತಂದ ಎಲ್‌ಎಂ-1, ನಿಜವಾದ ಡ್ರಮ್ಸ್‌ನ ಡಿಜಿಟಲ್ ಸ್ಯಾಂಪಲ್‌ಗಳನ್ನು, ಅಂದರೆ ಮುದ್ರಿಸಿಟ್ಟ ಸದ್ದಿನ ತುಣುಕುಗಳನ್ನು, ನುಡಿಸಿದ ಮೊದಲ ಡ್ರಮ್ ಯಂತ್ರ. ಅದೇ ವರ್ಷ ಬಂದ ರೋಲ್ಯಾಂಡ್ ಟಿಆರ್-808 ಸದ್ದನ್ನು ಅನಲಾಗ್ ಸರ್ಕ್ಯೂಟ್‌ಗಳಿಂದಲೇ ಹುಟ್ಟಿಸುತ್ತಿತ್ತು. ಸುಮಾರು 5,000 ಡಾಲರ್ ಬೆಲೆಯ ಎಲ್‌ಎಂ-1ರಲ್ಲಿ ಕ್ರ್ಯಾಶ್, ರೈಡ್ ಸಿಂಬಲ್‌ಗಳೇ ಇರಲಿಲ್ಲ. ಸಿಂಬಲ್‌ನ ದೀರ್ಘ ಝೇಂಕಾರವನ್ನು ಹಿಡಿದಿಡುವಷ್ಟು ಮೆಮೊರಿ ಆಗ ಬಲು ದುಬಾರಿ.

ಎಲ್‌ಎಂ-1ರ ಹೆಚ್ಚು ಬಾಳಿದ ಕೊಡುಗೆಗಳು ಕಾಲಕ್ಕೆ ಸಂಬಂಧಿಸಿದವು. ಆಚೀಚೆಯಾದ ಪೆಟ್ಟನ್ನು ಲೆಕ್ಕದ ಜಾಗಕ್ಕೆ ಎಳೆಯುವ ಕ್ವಾಂಟೈಸ್ ಒಂದು, ಪ್ರತಿ ಎರಡನೆಯ ಪೆಟ್ಟನ್ನು ತುಸು ತಡಮಾಡುವ ಸ್ವಿಂಗ್ ಇನ್ನೊಂದು. ಸ್ವಿಂಗ್ 50 ಪ್ರತಿಶತವಿದ್ದರೆ ಪೆಟ್ಟುಗಳು ಸಮಸಮ, 66ರ ಸುಮಾರಿಗೆ ತ್ರಿಶ್ರದ ನಡೆ. ಲಯದ ಓಲಾಟವನ್ನು ಅಂಕಿಯಲ್ಲಿ ಹಿಡಿಯುವ ಯತ್ನ ಇಲ್ಲಿಯೇ ಕಾಣುತ್ತದೆ.

ಬಲದ ಲೆಕ್ಕ, ಬಣ್ಣದ ಕೊರತೆ

ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಬೆಸೆಯಲು 1983ರಲ್ಲಿ ಬಂದ ಮಿಡಿ ಎಂಬ ಮಾನದಂಡ, ಪೆಟ್ಟಿನ ಬಲವನ್ನು 1ರಿಂದ 127ರವರೆಗಿನ ವೆಲಾಸಿಟಿಯಾಗಿ ಗುರುತಿಸಿತು. 1991ರ ಜನರಲ್ ಮಿಡಿ, ಕಿಕ್‌ಗೆ 36, ಸ್ನೇರ್‌ಗೆ 38, ಮುಚ್ಚಿದ ಹೈಹ್ಯಾಟ್‌ಗೆ 42 ಎಂದು ಸಂಖ್ಯೆಗಳನ್ನು ಗೊತ್ತುಮಾಡಿತು. ಆದರೆ ಒಂದೇ ಸ್ಯಾಂಪಲ್ಲನ್ನು ಜೋರು ಇಲ್ಲವೇ ಮೆಲ್ಲಗೆ ಮಾಡಿದ ಮಾತ್ರಕ್ಕೆ ಅದು ವಾದಕನ ಪೆಟ್ಟಾಗದು. ಸ್ನೇರನ್ನು ಬಲವಾಗಿ ಹೊಡೆದಾಗ ಅದರ ನಾದದ ಬಣ್ಣವೇ ಬದಲಾಗುತ್ತದೆ.

ಧ್ವನಿಮುದ್ರಣ ಸಾಫ್ಟ್‌ವೇರ್‌ಗೆ ಪ್ಲಗಿನ್‌ಗಳನ್ನು ಜೋಡಿಸುವ ಸ್ಟೈನ್‌ಬರ್ಗ್ ಕಂಪನಿಯ ವಿಎಸ್‌ಟಿ ವ್ಯವಸ್ಥೆ 1999ರಲ್ಲಿ ವಾದ್ಯಗಳಿಗೂ ವಿಸ್ತರಿಸಿದ ಮೇಲೆ ಈ ಕೊರತೆ ನೀಗತೊಡಗಿತು. ಬಿಎಫ್‌ಡಿ, ಸ್ವೀಡನ್ನಿನ ಟೂನ್‌ಟ್ರ್ಯಾಕ್‌ನ ಈಝಿಡ್ರಮ್ಮರ್ ಮುಂತಾದವು ಪ್ರತಿ ಡ್ರಮ್ಮನ್ನೂ ಬೇರೆಬೇರೆ ಬಲದಲ್ಲಿ, ಪ್ರತಿ ಬಲದಲ್ಲೂ ಹಲವು ಬಾರಿ ಮುದ್ರಿಸಿ ಜೋಡಿಸಿದವು. ಒಂದೇ ಸ್ಯಾಂಪಲ್ ವೇಗವಾಗಿ ಮರುಕಳಿಸಿದಾಗ ಕೇಳುವ ಮೆಷಿನ್‌ಗನ್‌ನಂಥ ಸದ್ದು ಇದರಿಂದ ತಪ್ಪಿತು. ಮೆಟಲ್ ಸಂಗೀತದ ಮೆಶುಗಾ ತಂಡ 2005ರ 'ಕ್ಯಾಚ್ ಥರ್ಟಿತ್ರೀ' ಆಲ್ಬಮ್ಮಿಗೆ ಪ್ರೋಗ್ರಾಮ್ ಮಾಡಿದ ಡ್ರಮ್ಸನ್ನೇ ಬಳಸಿತು. 2017ರ ಸುಪೀರಿಯರ್ ಡ್ರಮ್ಮರ್ 3ರ ಸ್ಯಾಂಪಲ್ ಭಂಡಾರ 200 ಗಿಗಾಬೈಟ್ ದಾಟಿತು.

ತಪ್ಪಿನೊಳಗಿನ ಕ್ರಮ

ಧ್ವನಿ ಇಷ್ಟು ಸಿದ್ಧವಾದ ಮೇಲೂ ಲಯ ಬಿಗಿದುಕೊಂಡೇ ಇತ್ತು. ಅದನ್ನು ಸಡಿಲಿಸಲು ಹಲವು ಸಾಫ್ಟ್‌ವೇರ್‌ಗಳ 'ಹ್ಯೂಮನೈಸ್' ಸೌಲಭ್ಯ ಪ್ರತಿ ಪೆಟ್ಟನ್ನೂ ಮನಬಂದಂತೆ ಕೆಲವು ಮಿಲಿಸೆಕೆಂಡ್ ಹಿಂದೆಮುಂದೆ ಸರಿಸುತ್ತದೆ. ಸಂಶೋಧಕ ಹೋಲ್ಗರ್ ಹೆನಿಗ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಕ್ರಮವನ್ನೇ ಪ್ರಶ್ನಿಸುವಂತಿದೆ. ಮನುಷ್ಯರು ಲಯದಲ್ಲಿ ತಪ್ಪುವಾಗಲೂ ಆ ತಪ್ಪುಗಳು ಒಂದಕ್ಕೊಂದು ದೀರ್ಘಕಾಲ ತಳಕು ಹಾಕಿಕೊಂಡಿರುತ್ತವೆ, ಕೇಳುಗರೂ ಅಂಥ ಏರಿಳಿತವನ್ನೇ ಮೆಚ್ಚಿದರು ಎಂದು ಅದು ತೋರಿಸಿತು. 2015ರಲ್ಲಿ ಸಂಶೋಧಕ ಎಸಾ ರಾಸನೆನ್ ತಂಡ, ಗಾಯಕ ಮೈಕೆಲ್ ಮೆಕ್‌ಡೊನಾಲ್ಡ್ ಅವರ ಹಾಡೊಂದರಲ್ಲಿ ಡ್ರಮ್ ವಾದಕ ಜೆಫ್ ಪೊರ್ಕಾರೊ ನುಡಿಸಿದ ಹೈಹ್ಯಾಟನ್ನು ಅಳೆದು, ಕಾಲದಲ್ಲೂ ಬಲದಲ್ಲೂ ಇಂಥದೇ ನಂಟನ್ನು ಕಂಡಿತು.

ಈ ನಂಟು ಹೇಗಿರುತ್ತದೆ ಎಂದು ತಿಳಿಯಲು ಒಂದು ಆವರ್ತವನ್ನು ಹತ್ತಿರದಿಂದ ನೋಡೋಣ. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್‌ನ ವೆಲಾಸಿಟಿ 115ರ ಆಸುಪಾಸಿನಲ್ಲಿದ್ದರೆ, ನಡುವೆ ನುಸುಳುವ ಘೋಸ್ಟ್ ನೋಟ್ ಎಂಬ ಮೆಲು ಪೆಟ್ಟುಗಳದು 30ರ ಸುಮಾರಿನಲ್ಲಿರಬಹುದು. ಹೈಹ್ಯಾಟ್‌ನಲ್ಲಿ ಗಟ್ಟಿ ಪೆಟ್ಟಿನ ಬೆನ್ನಿಗೆ ಹಗುರ ಪೆಟ್ಟು ಬರುತ್ತದೆ. ವಾದಕನಿಗಿರುವುದು ಎರಡೇ ಕೈ. ಹಾಗಾಗಿ ಸ್ನೇರ್, ರೈಡ್, ಕ್ರ್ಯಾಶ್ ಮೂರನ್ನೂ ಏಕಕಾಲಕ್ಕೆ ಬರೆದ ಕೂಡಲೇ ಭ್ರಮೆ ಕಳಚುತ್ತದೆ.

ಉಪಸಂಹಾರ

ಸ್ಯಾಂಪಲ್ ಭಂಡಾರ ಬೆಳೆದದ್ದು ಪೆಟ್ಟಿನ ಬಣ್ಣವನ್ನು ಕೊಟ್ಟಿತು, ಪೆಟ್ಟುಗಳ ನಂಟನ್ನು ಕೊಡಲಿಲ್ಲ. ಆ ನಂಟು ಹುಟ್ಟುವುದು ಮನುಷ್ಯನ ಕೈಯಲ್ಲಿ. ಆದ್ದರಿಂದ ಮನೆಯ ಸ್ಟುಡಿಯೊದಲ್ಲಿ ದುಡಿಯುವವರು ಮೌಸ್‌ನಿಂದ ಪೆಟ್ಟುಗಳನ್ನು ಚುಕ್ಕಿಯಂತೆ ಇಡುವ ಬದಲು, ಅಗ್ಗದ ಪ್ಯಾಡ್ ಮೇಲಾದರೂ ಬಾರಿಸಿ ಮುದ್ರಿಸಲಿ, ಕ್ವಾಂಟೈಸ್ ಅನ್ನು ಮಿತವಾಗಿ ಬಳಸಲಿ. ಇನ್ನೊಂದು ದೊಡ್ಡ ಭಂಡಾರ ಕೊಳ್ಳುವುದಕ್ಕಿಂತ ಇದರಿಂದ ಸಿಗುವ ಫಲ ಹೆಚ್ಚು.